ಡಂಬಳದ ಕೆರೆಯ ಮೇಲೆ ಎದ್ದು ನಿಂತೆ, ಮಲ್ಯಾ

ಲೇ ಮಲ್ಯಾ, ನನ್ನ ಜೀವದ ಗೆಳೆಯಾ,

ನೀನು ಹೋಗಿ ಮೂರು ವರ್ಷವಾಯಿತು. ನಾನು ಏನಾದರೂ ದೊಡ್ಡದಾಗಿ ಹೇಳಿದರೆ ಬೀಡಿಯನ್ನು ಬಾಯಿಂದ ತೆಗೆದು, "ಹೌದಲೇ ನಿಂಗ್ಯಾ, ನೀ ಹೇಳಿದ ಮ್ಯಾಲೆ ಮುಗೀತು" ಎಂದು ನಗುವವರು ಈಗ ಊರಲ್ಲಿ ಯಾರೂ ಇಲ್ಲ. ಹೀಗಾಗಿ ಕಾಗದ ಬರೆಯುತ್ತಿದ್ದೇನೆ. ಏಳನೇ ಇಯತ್ತೆಗೇ ನಿಂತುಹೋದ ಕೈ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಮೊದಲು ದೊಡ್ಡ ಸುದ್ದಿ. ಅರವತ್ತಮೂರನೇ ವಯಸ್ಸಿನಲ್ಲಿ, ನಮ್ಮ ಡಂಬಳದ ಕೆರೆಯ ನಟ್ಟನಡುವೆ, ನಾನು ನೀರಿನ ಮೇಲೆ ಎದ್ದು ನಿಂತಿದ್ದೇನೆ. ಈಜಿದ್ದಲ್ಲ, ತೇಲಿದ್ದಲ್ಲ, ಎರಡೂ ಕಾಲೂರಿ ನಿಂತದ್ದು. ಇಡೀ ಮುಂಡರಗಿ ತಾಲೂಕಿನಲ್ಲಿ ನನ್ನ ವಯಸ್ಸಿನ ಮತ್ತೊಬ್ಬ ಹೀಗೆ ನಿಂತಿದ್ದರೆ ತೋರಿಸು. ಇನ್ನೊಂದು ಸುದ್ದಿಯೂ ಇದೆ. ಅದಕ್ಕೆ ಸ್ವಲ್ಪ ಧೈರ್ಯ ಬೇಕು, ಬರೆಯುತ್ತಾ ಬರೆಯುತ್ತಾ ಬರಬಹುದು.

ನಾವಿಬ್ಬರೂ ಸಕ್ಕರೆ ಕಾಯಿಲೆ ತೋರಿಸಲು ಗದಗಿನ ಡಾಕ್ಟರರ ಹತ್ತಿರ ಹೋದ ದಿನ ನೆನಪಿದೆಯಾ? "ದಿನಾ ಒಂದು ತಾಸು ನಡೀರಿ" ಎಂದರು. ನಡೆದೆವು, ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿ ಅಂಗಡಿಯವರೆಗೆ. ಹೋಗಲು ಅರ್ಧ ತಾಸು, ಬರಲು ಅರ್ಧ ತಾಸು, "ಡಾಕ್ಟರ್ ಹೇಳಿದ್ದು ಬರೋಬ್ಬರಿ ಆತಲ್ಲ" ಎನ್ನುತ್ತಿದ್ದೆ ನೀನು. ನೀನು ಹೋದಮೇಲೆ ನಡಿಗೆ ನಿಂತಿತು, ಭಜಿ ನಿಲ್ಲಲಿಲ್ಲ. ಮೈ ಭಾರವಾಯಿತು, ಬಲ ಮೊಣಕಾಲು ಮುಷ್ಕರ ಹೂಡಿತು. ಕಟ್ಟೆಯ ಮೇಲೆ ಕುಳಿತರೆ ಏಳಲು ಯಾರಾದರೂ ಕೈ ಕೊಡಬೇಕು. ಕೈ ಕೊಡುತ್ತಿದ್ದವನು ನೀನು. ಹೀಗಾಗಿ ಕೂರುವುದನ್ನೇ ಬಿಟ್ಟೆ, ಮಲಗತೊಡಗಿದೆ.

ನನ್ನನ್ನು ಎಬ್ಬಿಸಿದವಳು ನಿನ್ನ ಮಗಳು ಗಿರಿಜಾ. ದಸರೆ ಮುಗಿದ ಮೇಲೆ ಒಂದು ಭಾನುವಾರ ಬೆಟಗೇರಿಯ ತನ್ನ ಮನೆಯಿಂದ ಬಂದವಳು ನನ್ನನ್ನು ನೋಡಿ ಬಾಗಿಲಲ್ಲೇ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. ಅವಳಿಗೂ ಸೊಂಟ ನೋವೇ. ಮೂವತ್ತೆಂಟು ವರ್ಷಕ್ಕೇ, ದಿನವೆಲ್ಲ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕುಳಿತು ಬೆನ್ನು ಬಿಲ್ಲಾಗಿದೆ. "ಕಾಕಾ, ಅಪ್ಪ ಹೋದಾ ಅಂತ ನೀವೂ ಹೊಂಟೀರೇನು? ಏಳ್ರಿ" ಎಂದು ಎಳೆದುಕೊಂಡು ಡಾಕ್ಟರರ ಮುಂದೆ ಕೂರಿಸಿದಳು. ಡಾಕ್ಟರು ನನ್ನ ಮೊಣಕಾಲು ಒತ್ತಿದರು, ಅವಳ ಬೆನ್ನು ಒತ್ತಿದರು. ಇಬ್ಬರಿಗೂ ಒಂದೇ ಔಷಧ ಹೇಳಿದರು. ಕೀಲಿಗೆ ಭಾರ ಬೀಳದಂಥ ವ್ಯಾಯಾಮ ಮಾಡಿ, ನೀರಿನಲ್ಲಾದರೆ ಬಹಳ ಒಳ್ಳೆಯದು ಎಂದರು.

"ಕಾಕಾಗ ಹೇಳ್ರಿ ಸರ್. ನನಗ ನೀರು ಬ್ಯಾಡ್ರಿ" ಎಂದಳು ಗಿರಿಜಾ.

"ಯಾಕವಾ?"

"ನಮ್ಮ ಮನಿತನಕ್ಕ ನೀರು ಆಗಿಬರಂಗಿಲ್ರಿ."

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕುಳಿತೆ. ಯಾಕೆಂದು ನಿನಗೆ ಗೊತ್ತು.

ಆ ಹೊತ್ತಿಗೆ ನಮ್ಮೂರಿನ ಅಳಿಯ, ಲಕ್ಷ್ಮೇಶ್ವರದ ಫಕ್ಕೀರಪ್ಪ, ಮಿಲಿಟರಿಯಿಂದ ನಿವೃತ್ತನಾಗಿ ಬಂದಿದ್ದ. ಅಲ್ಲಿ ದೋಣಿ, ತೆಪ್ಪದ ಕೆಲಸ ನೋಡಿಕೊಂಡವನಂತೆ. ಊರೆಲ್ಲ ಅವನನ್ನು ಹವಾಲ್ದಾರ ಎನ್ನುತ್ತದೆ. ಅವನು ಎರಡು ಪ್ಯಾಡಲ್ ಬೋರ್ಡ್ ತರಿಸಿ, ಪಂಚಾಯಿತಿಯ ಒಪ್ಪಿಗೆ ಪಡೆದು, ಭಾನುವಾರ ಮುಂಜಾನೆ ಕೆರೆಯಲ್ಲಿ ಆಸಕ್ತಿ ಇದ್ದವರಿಗೆ ಕಲಿಸತೊಡಗಿದ್ದ. ಪ್ಯಾಡಲ್ ಬೋರ್ಡ್ ಅಂದರೆ ಏನು ಅಂತೀಯಾ? ಚೀಲದಿಂದ ತೆಗೆದಾಗ ಸುತ್ತಿಟ್ಟ ಗಾದಿ. ಪಂಪಿನಿಂದ ಗಾಳಿ ಹೊಡೆಯುತ್ತಾ ಹೋದರೆ ಎರಡಾಳುದ್ದದ ಹಲಗೆ, ಬಾಗಿಲಿನಷ್ಟು ಗಟ್ಟಿ. ಅದರ ಮೇಲೆ ನಿಂತು, ಉದ್ದನೆಯ ಒಂದು ಹುಟ್ಟು ಹಿಡಿದು ನೀರು ಸರಿಸುತ್ತಾ ಹೋಗಬೇಕು. ಅಷ್ಟೇ. ಎಂಜಿನ್ನಿಲ್ಲ, ಹಿಡಿದುಕೊಳ್ಳಲು ಹಗ್ಗವಿಲ್ಲ, ಕೂರಲು ಜಾಗವಿಲ್ಲ.

ಮೊದಲ ದಿನ ಹವಾಲ್ದಾರ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಕಾಕಾ, ಈಜು ಬರ್ತೈತೇನ್ರಿ?"

"ಈಜು?" ನಾನು ಮೀಸೆ ಮೇಲೆ ಕೈ ಹಾಕಿದೆ. "ಅಳಿಯಂದ್ರ, ಈ ಕೆರಿ ಆ ದಂಡಿಯಿಂದ ಈ ದಂಡಿತನಕ ಈಜೇನಿ. ಬರೇ ಈಜಿಲ್ಲ, ಮುಳಗಾಕತ್ತವನ್ನ ಎಳಕೊಂಡು ಬಂದೇನಿ. ಬೇಕಾದ್ರ ಊರಾಗ ಕೇಳ್ರಿ."

"ಬೇಷಾತು. ಈ ಜಾಕೆಟ್ ಹಾಕ್ಕೊಳ್ರಿ."

"ಈಜು ಬರೋರಿಗೆ ಯಾಕ ಜಾಕೆಟ್?"

"ಈಜು ಬರೋರಿಗೂ ಜಾಕೆಟ್, ಬರದವರಿಗೂ ಜಾಕೆಟ್. ನಾ ಯಾಕ ಕೇಳಿದ್ನೆಂದ್ರ, ಖರೆ ಹೇಳೋರು ಯಾರು ಅಂತ ನೋಡಾಕ ಕೇಳಿದ್ದು."

ನಾನು ಮೀಸೆಯ ಮೇಲಿನ ಕೈ ತೆಗೆದೆ. ಜಾಕೆಟ್ ಹಾಕಿಕೊಂಡೆ. ಬಲಗಾಲಿಗೆ ಹಲಗೆಯ ಬಳ್ಳಿಯನ್ನೂ ಕಟ್ಟಿದ. ಬಿದ್ದರೆ ಹಲಗೆ ನಮ್ಮನ್ನು ಬಿಟ್ಟು ಹೋಗಬಾರದಂತೆ. ಅಗಸಿ ಓಣಿಯ ಹೆಣ್ಣುಮಕ್ಕಳು ಅಲ್ಲಿಯೇ ಬಟ್ಟೆ ಒಗೆಯುತ್ತಿದ್ದರು. "ನಿಂಗಪ್ಪ ಕಾಕಾ, ಗಾದಿ ಒಗ್ಯಾಕ ತಂದೀರೇನ್ರಿ? ಇತ್ತ ಕೊಡ್ರಿ, ನಾವ ಒಗದು ಕೊಡ್ತೀವಿ" ಎಂದು ಒಬ್ಬಳು ಕೂಗಿದಳು. ಗಿರಿಜಾ ದಂಡೆಯ ಕಲ್ಲಿನ ಮೇಲೆ ನನ್ನ ಧೋತರ, ಟವೆಲ್, ಚಪ್ಪಲಿ ಕಾಯುತ್ತ ಕುಳಿತಿದ್ದಳು. ಅವಳೂ ನಕ್ಕಳು.

ಹುಟ್ಟಿನ ಎಲೆಯಂಥ ಅಗಲ ತುದಿ ಕೋಲಿನಿಂದ ಸ್ವಲ್ಪ ಬಾಗಿರುತ್ತದೆ ಮಲ್ಯಾ. ಆ ಬಾಗು ಮುಂದಕ್ಕೆ ಇರಬೇಕು. ನನ್ನ ಕೈ ನಲವತ್ತು ವರ್ಷ ಹೊಲದಲ್ಲಿ ಸಲಿಕೆ ಹಿಡಿದು ನೀರು ತಿರುವಿದ ಕೈ. ಅದು ಬಾಗನ್ನು ತನ್ನತ್ತ ತಿರುಗಿಸಿಯೇ ಹಿಡಿಯಿತು. "ಕಾಕಾ, ಅದು ಸಲಿಕಿ ಅಲ್ರಿ. ನೀರು ಎತ್ತಿ ಎಲ್ಲಿ ಹಾಕಾವ್ರು?" ಎಂದ ಹವಾಲ್ದಾರ. "ನನ್ನ ಪದ್ಧತಿ ಬ್ಯಾರೆ ಐತಿ" ಎಂದು ನಾನು ಒಂದೇ ಏಟಿಗೆ ಎದ್ದು ನಿಂತು, ಬಲವಾಗಿ ಒಂದು ಬಾರಿ ಹುಟ್ಟು ಎಳೆದೆ. ನೀರು ನನ್ನ ಪದ್ಧತಿ ಒಪ್ಪಲಿಲ್ಲ. ಕೆರೆಯ ಅರ್ಧ ನೀರು ಮೂಗಿನಿಂದ ಹೋಗಿ ಬಾಯಿಂದ ಬಂತು. ಬಿದ್ದೆ ಎಂದು ನಾನು ಯಾರಿಗೂ ಹೇಳಿಲ್ಲ, ಆಳ ನೋಡಲು ಇಳಿದಿದ್ದೆ ಎಂದು ಹೇಳಿದ್ದೇನೆ. ಆದರೆ ನಿನಗೆ ಒಂದು ಮಾತು. ಜಾಕೆಟ್ ಇತ್ತು, ನೀರು ಎದೆಯಷ್ಟೇ ಇತ್ತು, ಆದರೂ ಆ ಕ್ಷಣ ನನ್ನ ಕೈ ನಿನ್ನ ಕೈಗಾಗಿ ತಡಕಾಡಿತು...

ಮುಂದೆ ಹವಾಲ್ದಾರ ಹೇಳಿದಂತೆ ಕೇಳಿದೆ. ಮೊದಲು ಮೊಣಕಾಲೂರಿ ಕೂರಬೇಕು, ಹಲಗೆಯ ನಡುವಿನ ಹಿಡಿಯ ಆಚೆಗೊಂದು ಈಚೆಗೊಂದು. ಹಾಗೇ ಕುಳಿತು ಅತ್ತ ನಾಲ್ಕು ಸಲ, ಇತ್ತ ನಾಲ್ಕು ಸಲ ಹುಟ್ಟು ಹಾಕಬೇಕು. ಹಲಗೆ ಹೇಳಿದ ಮಾತು ಕೇಳತೊಡಗಿದ ಮೇಲೆ ಮೊಣಕಾಲಿದ್ದ ಜಾಗಕ್ಕೆ ಒಂದೊಂದೇ ಪಾದ ತಂದು ನಿಧಾನ ಏಳಬೇಕು. ಕಾಲು ಭುಜದಗಲ, ಮೊಣಕಾಲು ಸ್ವಲ್ಪ ಸಡಿಲ. ಕಣ್ಣು ಕಾಲಿನ ಮೇಲೆ ಇಟ್ಟೆಯೋ, ನೀರಿಗೆ ಬಿದ್ದೆ. ಬೀಳುವುದಾದರೆ ಹಲಗೆಯಿಂದ ದೂರಕ್ಕೆ, ಅಡ್ಡಲಾಗಿ ಬೀಳಬೇಕು, ತಲೆ ಮುಂದೆ ಮಾಡಿ ಅಲ್ಲ. ನಾನು ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರವೊಂದನ್ನು ಗುರುತು ಇಟ್ಟುಕೊಂಡೆ. ಅದರ ಮೇಲೆ ಕಣ್ಣು ನೆಟ್ಟರೆ ಕಾಲು ತಾನೇ ನಿಲ್ಲುತ್ತದೆ. ಅದಕ್ಕೆ ಇನ್ನೊಂದು ಉಪಯೋಗವೂ ಇದೆ. ಅದರ ರೆಕ್ಕೆಗಳು ಜೋರಾಗಿ ತಿರುಗುತ್ತಿದ್ದರೆ ಆ ದಿನ ಹವಾಲ್ದಾರ ಹಲಗೆಯನ್ನು ಚೀಲದಿಂದಲೇ ತೆಗೆಯುವುದಿಲ್ಲ. ಗಾಳಿ ಆಚೆ ದಂಡೆಗೆ ಒಯ್ದರೆ ಮರಳಿ ಬರಲು ತೋಳು ಸಾಲುವುದಿಲ್ಲ ಎನ್ನುತ್ತಾನೆ.

ನಾಲ್ಕನೇ ಭಾನುವಾರ ನಿಂತೆ. ಹತ್ತು ಎಣಿಸುವಷ್ಟು ಹೊತ್ತು. ಊರಲ್ಲಿ ನೂರು ಎಂದು ಹೇಳಿದ್ದೇನೆ, ನೀನು ಬಂದು ತಿದ್ದಲಾರೆ ಎಂಬ ಧೈರ್ಯ. ಸಂಕ್ರಾಂತಿಯ ಹೊತ್ತಿಗೆ ದಂಡೆಯಿಂದ ಕೋಡಿಯವರೆಗೆ ಹೋಗಿ ಬರತೊಡಗಿದೆ. ಹೊಟ್ಟೆಯೊಳಗೆ, ಬೆನ್ನಿನ ಬುಡದಲ್ಲಿ, ತೊಡೆಯಲ್ಲಿ ಇದ್ದಾವೆಂದೇ ಗೊತ್ತಿಲ್ಲದ ನರಗಳೆಲ್ಲ ಮರುದಿನ ಒಂದೊಂದಾಗಿ ಎದ್ದು ತಮ್ಮ ಹೆಸರು ಹೇಳಿದವು. ಈಗ ಧೋತರದ ಗಂಟು ಎರಡು ಬೆರಳು ಒಳಗೆ ಹೋಗಿದೆ. ಗೋಡೆ ಹಿಡಿಯದೆ ಕೂತು ಏಳುತ್ತೇನೆ. ಸಕ್ಕರೆ ಇಳಿದಿದೆ ಎಂದು ಡಾಕ್ಟರು ಗುಳಿಗೆ ಅರ್ಧ ಮಾಡಿದರು. ಭಜಿಯೂ ಅರ್ಧವಾಗಿದೆ. ಪೂರ್ತಿ ಬಿಡು ಎನ್ನಬೇಡ, ನಾನು ಸನ್ಯಾಸಿಯಾಗಲು ಹೊರಟಿಲ್ಲ.

ಇಲ್ಲಿಗೆ ನನ್ನ ಬಡಾಯಿ ಮುಗಿಯಿತು. ಇನ್ನು ಕೇಳು.

ಸಂಕ್ರಾಂತಿ ಆದಮೇಲಿನ ಭಾನುವಾರ, ನಾನು ನೀರಿನಿಂದ ಬಂದು ಮೈ ಒರೆಸಿಕೊಳ್ಳುತ್ತಿದ್ದೆ. ಹವಾಲ್ದಾರ ಗಿರಿಜಾಳನ್ನು ಕೇಳಿದ. "ಯಕ್ಕಾ, ಪ್ರತಿ ವಾರ ಬರ್ತೀರಿ, ಅರಿವಿ ಕಾಯ್ತೀರಿ, ಹೋಗ್ತೀರಿ. ನಿಮ್ಮ ಬೆನ್ನಿಗೆ ಇದಕಿಂತ ಚಲೋ ಮದ್ದಿಲ್ಲ. ಒಂದು ಸಲ ಮೊಣಕಾಲೂರಿ ಕುಂಡ್ರಿ ಸಾಕು."

ಗಿರಿಜಾ ಹಲಗೆಯನ್ನೇ ನೋಡುತ್ತಿದ್ದಳು. ಬಂಗಾರದಂಗಡಿಯ ಗಾಜಿನಾಚೆಯಿಂದ ನೋಡುತ್ತಾರಲ್ಲ, ಹಾಗೆ. "ಬ್ಯಾಡ್ರಿ ಅಣ್ಣಾ. ನಮ್ಮಪ್ಪ ಇದ ಕೆರ್‍ಯಾಗ ಮುಳಗಿ ಸಾಯ್ತಿದ್ದ. ಈ ಕಾಕಾ ಇದ್ದಿದ್ದಕ್ಕ ಉಳಿದ. ಆವತ್ತಿನಿಂದ ಅಜ್ಜಿ ನಮಗ ಯಾರಿಗೂ ನೀರಿಗಿ ಬಿಡಲಿಲ್ಲ. ನಮ್ಮ ಓಣಿ ಹುಡುಗ್ಯಾರು ಎಲ್ಲಾ ಇಲ್ಲೇ ಈಜು ಕಲತ್ರು. ನಾ ಅವರ ಅರಿವಿ ಕಾಯಕೋತ ಈ ಕಲ್ಲಿನ ಮ್ಯಾಲೆ ಕುಂಡ್ರತಿದ್ದೆ."

ಹವಾಲ್ದಾರ ನನ್ನ ಕಡೆ ತಿರುಗಿ, ಮಿಲಿಟರಿಯವರು ದೊಡ್ಡವರಿಗೆ ಹೊಡೆಯುವಂತೆ ಒಂದು ಸಲಾಮು ಹೊಡೆದ. ನಾನು... ನಾನು ಸಲಾಮು ತೆಗೆದುಕೊಂಡೆ, ಮಲ್ಯಾ. ಅದನ್ನೂ ತೆಗೆದುಕೊಂಡೆ.

ಆ ದಿನ ನಿನಗೂ ನನಗೂ ಹದಿನೈದು ವರ್ಷ. ನಾನು ಏಳನೇ ಇಯತ್ತೆಯ ಪರೀಕ್ಷೆ ಮತ್ತೆ ನಪಾಸಾಗಿ ಕೆರೆಗೆ ಬಂದು ಅಡಗಿದ್ದೆ, ನಮ್ಮಪ್ಪ ಬಾರಕೋಲು ಹಿಡಿದು ಹುಡುಕುತ್ತಿದ್ದ. ನಾವು ಈಜಲು ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಳ್ಳುತ್ತಿದ್ದೆವಲ್ಲ? ನಿನಗದು ಬೇಕಿರಲಿಲ್ಲ, ನೀನು ಮೀನು. ನನಗೆ ಬೇಕಿತ್ತು. ಬುರುಡೆ ಬಿಚ್ಚಿ ಎಸೆದು, ಆ ದಂಡೆ ಮುಟ್ಟಿ ಬರುತ್ತೇನೆಂದು ಹೋದವನು ನಾನು. ನಡುನೀರಿನಲ್ಲಿ ಕಾಲಿನ ಮೀನಖಂಡ ಹಿಡಿದುಕೊಂಡು ಕೆಳಗೆ ಹೋದವನೂ ನಾನೇ. ಕೂದಲು ಹಿಡಿದು ನನ್ನನ್ನು ದಂಡೆಗೆ ತಂದವನು ನೀನು. ತಂದು ಹಾಕಿದ ಮೇಲೆ ನಿನ್ನಲ್ಲಿ ಉಸಿರು ಉಳಿದಿರಲಿಲ್ಲ. ನೀನು ನೀರು ಕಾರುತ್ತಾ ನೆಲಕ್ಕೆ ಬಿದ್ದುಕೊಂಡಿದ್ದೆ. ನಾನು ಮೊದಲು ಎದ್ದು ಕುಳಿತೆ. ಎದುರಿಗೆ ಅಪ್ಪ, ಬಾರಕೋಲು ಮೇಲೆತ್ತಿದ್ದ. ಆಚೆಯಿಂದ ನಿಮ್ಮವ್ವ ಒಗೆಯುವ ಬಟ್ಟೆ ಬಿಟ್ಟು ಓಡಿ ಬರುತ್ತಿದ್ದಳು.

"ಏನಾತಲೇ?" ಎಂದ ಅಪ್ಪ.

"ಮಲ್ಯಾ ಮುಳಗಾಕತ್ತಿದ್ದ. ನಾ ಎಳಕೊಂಡು ಬಂದೆ" ಎಂದೆ.

ಬಾರಕೋಲು ಕೆಳಗಿಳಿಯಿತು. ನೀನು ಕಣ್ಣು ತೆರೆದು ಮೊದಲು ಬಾರಕೋಲು ನೋಡಿದೆ, ಆಮೇಲೆ ನನ್ನನ್ನು ನೋಡಿದೆ, ಮತ್ತೆ ಕಣ್ಣು ಮುಚ್ಚಿಕೊಂಡೆ. ಅಷ್ಟೇ. ನಿಮ್ಮವ್ವ ಅಲ್ಲಿಯೇ ನಿನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು, ಇನ್ನೆಂದೂ ನೀರಿಗಿಳಿಯುವುದಿಲ್ಲ ಎಂದು ಆಣೆ ಮಾಡಿಸಿದಳು. ನೀನು ಮಾಡಿದೆ. ಡಂಬಳದಲ್ಲಿ ನಿನ್ನಂತೆ ಈಜುವವನು ಇರಲಿಲ್ಲ, ನೀನು ಮತ್ತೆ ಈಜಲಿಲ್ಲ. ಆ ವರ್ಷದಿಂದ ಪ್ರತಿ ಯುಗಾದಿಗೆ ನಿಮ್ಮ ಮನೆಯ ಮೊದಲ ಹೋಳಿಗೆ ನನ್ನ ತಾಟಿಗೆ. ನಿಮ್ಮವ್ವನ ನಂತರ ನಿನ್ನ ಹೆಂಡತಿ ಬಡಿಸಿದಳು, ಅವಳ ನಂತರ ಗಿರಿಜಾ. ಪಕ್ಕದಲ್ಲಿ ಕುಳಿತು ನೀನು ತುಪ್ಪ ಹಾಕುತ್ತಿದ್ದೆ. ಒಂದು ದಿನವೂ ಯಾಕೆ ಹೇಳಲಿಲ್ಲ? ಜಗಳವಾದಾಗಲೂ ಯಾಕೆ ಹೇಳಲಿಲ್ಲ? ನಾನೇ ಹೇಳಲಿ ಎಂದು ಕಾಯುತ್ತಿದ್ದೆಯಾ, ಅಥವಾ...

ನನ್ನ ಸುಳ್ಳಿಗೆ ಬೆಲೆ ತೆತ್ತವನು ನೀನೊಬ್ಬನೇ ಎಂದು ತಿಳಿದಿದ್ದೆ. ನಿನ್ನ ಮಗಳೂ ಆ ಕಲ್ಲಿನ ಮೇಲೆ ಕುಳಿತು ತೆರುತ್ತಿದ್ದಾಳೆ ಎಂದು ಆ ಭಾನುವಾರ ಗೊತ್ತಾಯಿತು.

ಮುಂದಿನ ಭಾನುವಾರ ಅವಳು ಬಂದಾಗ ನಾನು ಜಾಕೆಟ್ ಹಾಕಿಕೊಂಡಿರಲಿಲ್ಲ. ಹವಾಲ್ದಾರನ ಎದುರಿಗೇ ಹೇಳಿದೆ. ಮುನ್ನುಡಿ ಮಾಡಲು ಬರಲಿಲ್ಲ, ಒಂದೇ ಉಸಿರಿಗೆ ಬಂತು. "ಗಿರಿಜವ್ವಾ, ಮುಳಗಿದವ ನಾನು. ಎಳಕೊಂಡು ಬಂದವ ನಿಮ್ಮಪ್ಪ. ನನಗ ಈಜು ಬರಂಗಿಲ್ಲ. ಯಾವತ್ತೂ ಬರ್ತಿರಲಿಲ್ಲ."

ಅವಳು ಮೊದಲು ನಕ್ಕಳು. ನನ್ನ ಚೇಷ್ಟೆ ಎಂದುಕೊಂಡಳು. ಆಮೇಲೆ ನನ್ನ ಮುಖ ನೋಡಿದಳು.

"ಅಪ್ಪಗ ಈಜು ಬರ್ತಿತ್ತಾ?"

"ಬರ್ತಿತ್ತಾ ಅಂದ್ರ... ನಿಮ್ಮಪ್ಪ ನೀರಾಗ ಇದ್ರ ನೀರಿಗೇ ಗೊತ್ತಾಗತಿರಲಿಲ್ಲ, ಗಿರಿಜವ್ವಾ."

ಅವಳು ಕೆರೆಯ ಕಡೆ ತಿರುಗಿದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರವಾಗುತ್ತಿತ್ತು. "ಸಣ್ಣಾಕಿದ್ದಾಗಿಂದ ಮಂದಿ ಅರಿವಿ ಕಾಯ್ದೆ ಕಾಕಾ. ನಿಮ್ಮವೂ ಕಾಯ್ದೆ" ಎಂದಳು. ನನ್ನ ಧೋತರವನ್ನು ಮಡಚಿ ಕಲ್ಲಿನ ಮೇಲಿಟ್ಟು, ಬಸ್ಸಿಗೆ ನಡೆದಳು.

ನಾನು ಹವಾಲ್ದಾರನ ಕಡೆ ನೋಡಿದೆ. ಅವನು ಜಾಕೆಟ್ ತಂದು ನನ್ನ ಕೊರಳಿಗೆ ಹಾಕಿ ಬಕಲ್ ಬಿಗಿದ. ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ನೀನು ಹೋದಾಗಲೂ ಮನೆ ಅಷ್ಟು ಖಾಲಿ ಅನ್ನಿಸಿರಲಿಲ್ಲ, ಸಿಟ್ಟಾಗಬೇಡ. ಹಲಗೆ ಹತ್ತಿದರೆ ಕಣ್ಣು ಗಾಳಿಯಂತ್ರ ಬಿಟ್ಟು ಬಸ್ಸಿನ ದಾರಿಗೆ ಹೋಗುತ್ತಿತ್ತು. ಆ ಎರಡು ವಾರ ನಾನು ನಿಂತದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಇದನ್ನೂ ಊರಲ್ಲಿ ಹೇಳಿಲ್ಲ.

ಮೂರನೇ ಭಾನುವಾರ ಬಸ್ಸು ಹೋದ ಮೇಲೆ ದೂಳಿನೊಳಗಿಂದ ಅವಳು ಬಂದಳು. ಸೀರೆಯಲ್ಲ, ಚೂಡಿದಾರ. ಓಡಣಿಯನ್ನು ಬಿಗಿಯಾಗಿ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ನನ್ನ ಹತ್ತಿರ ಬಂದು ಚಪ್ಪಲಿ ಬಿಟ್ಟಳು, ಕೈಚೀಲ ನನ್ನ ಮಡಿಲಿಗೆ ಹಾಕಿದಳು, ಕಿವಿಯ ಬೆಂಡೋಲೆ ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟಳು.

"ಇವತ್ತ ನೀವು ಕಾಯ್ರಿ" ಎಂದಳು.

ಕಾದೆ, ಮಲ್ಯಾ. ಜೀವನದಲ್ಲಿ ಅಷ್ಟು ನಿಷ್ಠೆಯಿಂದ ಏನನ್ನೂ ಕಾದಿಲ್ಲ. ಹವಾಲ್ದಾರ ಅವಳನ್ನು ಎದೆನೀರಿಗೆ ಕರೆದೊಯ್ದ. ಮೊಣಕಾಲೂರಿ ಕುಳಿತವಳು ಮೊದಲು ಹಲಗೆಯ ಅಂಚನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಮೊದಲ ಸಲ ಬಿದ್ದಳು. ನಾನು ಬೆಂಡೋಲೆ ಹಿಡಿದುಕೊಂಡೇ ನೀರಿಗೆ ಓಡಿದೆ. ಈಜು ಬಾರದವನು, ಜಾಕೆಟ್ ಇಲ್ಲದವನು! "ಕಾಕಾ, ಅಲ್ಲೇ ನಿಲ್ರಿ, ನಿಮ್ಮನ್ನೂ ಎಳೀಬೇಕಾಗತೈತಿ" ಎಂದು ಹವಾಲ್ದಾರ ಚೀರಿದ. ಅಷ್ಟರಲ್ಲಿ ಅವಳು ಹಲಗೆಯ ನಡುವಿನ ಹಿಡಿ ಹಿಡಿದು, ಕಾಲು ಬಡಿದು, ಹೊಟ್ಟೆ ಎಳೆದು ಮೇಲೆ ಬಂದಿದ್ದಳು. ಆ ಕಾಲು ಬಡಿಯುವುದನ್ನು ನೀನು ನೋಡಬೇಕಿತ್ತು. ಯಾರೂ ಕಲಿಸಿದ್ದಲ್ಲ. ನಿನ್ನದೇ ಕಾಲು.

ಎರಡನೇ ಸಲ ನಿಂತಳು. ನನಗೆ ನಾಲ್ಕು ಭಾನುವಾರ ಹಿಡಿದದ್ದು ಅವಳಿಗೆ ಒಂದು ಮುಂಜಾನೆಯಲ್ಲಿ ಬಂತು, ಇದನ್ನು ಬರೆಯಲು ನನಗೆಷ್ಟು ಕಷ್ಟ ಗೊತ್ತಾ? ಹಲಗೆ ನಿಂತ ಮೇಲೆ ದಂಡೆಯತ್ತ ತಿರುಗಿ ಕೂಗಿದಳು. "ಕಾಕಾ! ಎಲ್ಲಿ? ಯಾವ ಜಾಗಾ?"

ನೀನು ನನ್ನ ಕೂದಲು ಹಿಡಿದ ಜಾಗವನ್ನು ನಾನು ಕೈ ಉದ್ದ ಮಾಡಿ ತೋರಿಸಿದೆ. ಹವಾಲ್ದಾರ ಇನ್ನೊಂದು ಹಲಗೆ ಹತ್ತಿ ಪಕ್ಕದಲ್ಲಿ ಹೊರಟ. ಇಬ್ಬರೂ ನಿಧಾನವಾಗಿ ಹೋದರು. ಅಲ್ಲಿ ಅವಳು ಹುಟ್ಟು ಎತ್ತಿ ಹಿಡಿದು ನಿಂತಳು. ಬೆನ್ನು ನೆಟ್ಟಗಿತ್ತು, ಯಂತ್ರದ ಮುಂದೆ ಬಗ್ಗಿದ ಆ ಬೆನ್ನು. ಏನಂದುಕೊಂಡಳೋ ನಾನು ಕೇಳಿಲ್ಲ. ನಿನಗೆ ಕೇಳಿಸಿದ್ದರೆ ಕೇಳಿಸಿರಬಹುದು.

ಈ ಯುಗಾದಿಗೆ ಬೆಟಗೇರಿಯಿಂದ ಕರೆ ಬಂತು. ಹೋಗಲು ಮನಸ್ಸಿರಲಿಲ್ಲ, ಹೋಗದಿರಲು ಧೈರ್ಯವಿರಲಿಲ್ಲ. ಗಿರಿಜಾ ಮೊದಲ ಹೋಳಿಗೆಯನ್ನು ನಿನ್ನ ಫೋಟೋದ ಮುಂದಿಟ್ಟು ತುಪ್ಪ ಹಾಕಿದಳು. ಎರಡನೆಯದನ್ನು ತಂದು ನನ್ನ ತಾಟಿಗೆ ಬಡಿಸಿ, "ಇದು ನಿಮ್ಮದ. ಒಂದ ನೋಡ್ರಿ ಮತ್ತ, ಸಕ್ಕರಿ ಐತಿ" ಎಂದಳು. ನಾನು ಎರಡು ತಿಂದೆ. ಅವಳು ಒಳಗೆ ಹೋದಾಗ ಒಂದು ಹೆಚ್ಚಿಗೆ ತೆಗೆದುಕೊಂಡದ್ದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ.

ಇನ್ನು ನಿನಗೆ ಒಂದು ಮಾತು ಕೊಡುತ್ತೇನೆ. ಅರವತ್ತಮೂರಕ್ಕೆ ನಾನು ಈಜು ಕಲಿಯುತ್ತಿದ್ದೇನೆ. ಬುಧವಾರ, ಭಾನುವಾರ, ದಂಡೆಯ ಹತ್ತಿರದ ನೀರಿನಲ್ಲಿ. ಜಾಕೆಟ್ ಸಾಕು ಎಂದು ಹವಾಲ್ದಾರ ಎಷ್ಟು ಹೇಳಿದರೂ ಕೇಳದೆ ಒಂದು ಒಣ ಸೋರೆಬುರುಡೆಯನ್ನೂ ಸೊಂಟಕ್ಕೆ ಕಟ್ಟಿಸಿಕೊಂಡಿದ್ದೇನೆ. ಗಂಟು ಹಾಕುವವಳು ನಿನ್ನ ಮಗಳು, ಹಾಕಿ ಎರಡು ಸಲ ಎಳೆದು ನೋಡುತ್ತಾಳೆ. ಈ ಸಲ ಬಿಚ್ಚುವುದಿಲ್ಲ, ಮಲ್ಯಾ. ಒಂದು ವೇಳೆ ನನ್ನ ಹಳೆಯ ಚಾಳಿ ಎದ್ದು ಬಿಚ್ಚಿ ಎಸೆದು ನಡುನೀರಿಗೆ ಹೋದೆನೋ, ಕೂದಲು ಹಿಡಿದು ಎಳೆದು ತರಲು ಗಿರಿಜಾ ಹಲಗೆ ಹತ್ತಿ ಬರುತ್ತಾಳೆ. ಆಗ ದಂಡೆಯ ಮೇಲೆ ಯಾರು ಏನು ಹಿಡಿದು ನಿಂತಿದ್ದರೂ ಸರಿ, ಯಾರು ಯಾರನ್ನು ಎಳೆದು ತಂದರು ಎಂದು ನಾನೇ ಮೊದಲು ಹೇಳುತ್ತೇನೆ.

ನಿನ್ನ
ನಿಂಗ್ಯಾ